ಮೇಲಿನ ಕೋಣೆಯ ಜೇನು

ಹೆಗ್ಗದ್ದೆ ಕಡೆಯ ನಮ್ಮ ತೋಟಕ್ಕೆ ಆ ಮೂರು ಜೇನುಪೆಟ್ಟಿಗೆಗಳು ಬಂದದ್ದು ದೀಪಾವಳಿ ಕಳೆದ ಮೇಲೆ, ಮಳೆ ಪೂರ್ತಿ ಬಿಟ್ಟು ಕಾಫಿ ಹಣ್ಣು ಕೆಂಪಾಗಲು ಶುರುವಾದ ದಿನಗಳಲ್ಲಿ. ತಂದವರು ನನ್ನ ಅಣ್ಣ. ಅಣ್ಣ ಎಂದರೆ ಒಡಹುಟ್ಟಿದವರಲ್ಲ, ಆಲೂರು ಕಡೆಯ ನನ್ನ ತವರೂರಿನಲ್ಲಿ ಪಕ್ಕದ ಮನೆಯವರು. ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಗೌರಿಹಬ್ಬದ ದಿನ, ಇನ್ನು ನನಗೆ ತವರಿನ ಬಾಗಿನ ಬರುವ ದಾರಿ ಮುಚ್ಚಿತು ಎಂದು ಮುಖ ಊದಿಸಿಕೊಂಡು ಕೂತಿದ್ದೆ. ಆಗ ಇವರು ಮೊರದ ಬಾಗಿನ, ಸೀರೆ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಸ್ಸಿಳಿದು ಬಂದರು. "ನಾನಿಲ್ವೇನವ್ವ? ತವರು ಎಲ್ಲಿಗೋಯ್ತದೆ?" ಎಂದರು. ಅವತ್ತಿನಿಂದ ಒಂದು ಹಬ್ಬವನ್ನೂ ತಪ್ಪಿಸಿದವರಲ್ಲ. ಹಾಗಾಗಿ ಅವರ ವಿಷಯದಲ್ಲಿ ಯಾರಾದರೂ ಏನಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಜೇನಿನ ಮಟ್ಟಿಗೆ ಆ ಸೀಮೆಗೆ ಅವರೇ ಡಾಕ್ಟರು. ಮೊದಲು ಇಟ್ಟಿದ್ದು ನಮ್ಮ ಕಾಡಿನ ತುಡುವೆ ಜೇನು. ಈಚೆಗೆ, ಬಯಲುಸೀಮೆಯಿಂದ ಲಾರಿಯಲ್ಲಿ ಪೆಟ್ಟಿಗೆ ತರುವವರ ಹತ್ತಿರ ಹಳದಿ ಜಾತಿಯ ದೊಡ್ಡ ಜೇನು ತೆಗೆದುಕೊಂಡು ಬೆಳೆಸುತ್ತಿದ್ದರು. ಕಾಫಿ ಹೂವಿನ ಕಾಲಕ್ಕೆ ದೊಡ್ಡ ಎಸ್ಟೇಟುಗಳವರು ಅವರ ಪೆಟ್ಟಿಗೆಗಳನ್ನು ಕರೆಸಿಕೊಂಡು ಗಿಡಗಳ ಮಧ್ಯೆ ಇಡಿಸುತ್ತಿದ್ದರು. ನನಗೂ ಜೇನು ಸಾಕುವ ಆಸೆ ಬಹಳ ದಿನದಿಂದ ಇತ್ತು, ಧೈರ್ಯ ಮಾತ್ರ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದು ಆ ವರ್ಷದ ಗೌರಿಹಬ್ಬದ ಊಟದ ಹೊತ್ತಿನಲ್ಲಿ.

"ಪಾಲಿಗೆ ಕೊಡ್ತೀನಿ ಕಣವ್ವ," ಎಂದರು ಅಣ್ಣ. "ನೀನು ನೋಡ್ಕೋ. ಜೇನುತುಪ್ಪದಾಗೆ ಅರ್ಧ, ಒಡೆದು ಮರಿ ಕುಟುಂಬ ಆದ್ರೆ ಅದ್ರಾಗೂ ಅರ್ಧ. ಹೂವಿನ ಟೈಮಿಗೆ ಬೇಕಾದ್ರೆ ನಾನು ಬಂದು ಪೆಟ್ಟಿಗೆ ತಗಂಡ್ಹೋಯ್ತೀನಿ."

ಪಾಲಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. ಹಸು, ಎಮ್ಮೆ, ಕುರಿ ಎಲ್ಲವನ್ನೂ ಕೊಡುತ್ತಾರೆ. ನಮ್ಮಪ್ಪ ಎಷ್ಟೋ ಹಸುಗಳನ್ನು ಹಾಗೆ ಕೊಟ್ಟಿದ್ದರು. ಹಗ್ಗವನ್ನು ಇನ್ನೊಬ್ಬರ ಕೈಗಿಡುವ ಮುಂಚೆ ಅದರ ಊನವನ್ನೆಲ್ಲ ಜೋರಾಗಿ ಹೇಳಿಬಿಡಬೇಕು, ಅದು ಪದ್ಧತಿ. ಬಲಗಡೆ ಹಿಂದಿನ ಮೊಲೆಯಲ್ಲಿ ಹಾಲು ಬರುವುದಿಲ್ಲ, ಹೊಸಬರು ಕರೆಯಲು ಕೂತರೆ ಒದೆಯುತ್ತದೆ, ಬೇಲಿ ಹಾರುತ್ತದೆ, ಹೋದ ಸಲ ಕರು ನಿಲ್ಲಲಿಲ್ಲ. ಅಪ್ಪ ಹೇಳುವುದನ್ನು ಕೇಳಿದರೆ ಈತ ಹಸು ಕೊಡಲು ಬಂದಿದ್ದಾನೋ ಅದರ ಮೇಲೆ ದೂರು ಕೊಡಲು ಬಂದಿದ್ದಾನೋ ಎಂದು ಜನ ನಗುತ್ತಿದ್ದರು. ಹೇಳಿ ಕೊಟ್ಟ ಮೇಲೆ ಹಸು ಸತ್ತರೂ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಹೇಳದೆ ಕೊಟ್ಟವನ ಮನೆಯ ಹಗ್ಗವನ್ನು ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ.

ಪೆಟ್ಟಿಗೆಗಳನ್ನು ಪಿಕಪ್ಪಿನಿಂದ ಇಳಿಸಿ ಸಿಲ್ವರ್ ಓಕ್ ಮರದ ಬುಡದಲ್ಲಿ ಕಲ್ಲುಗಳ ಮೇಲೆ ಕೂರಿಸಿದಾಗ ನಾನು ತಮಾಷೆಗೆಂದೇ ಕೇಳಿದೆ. "ಊನ ಹೇಳಿ ಕೊಡಿ ಅಣ್ಣ. ಅಪ್ಪ ಇದ್ದಿದ್ರೆ ಬಿಡ್ತಿರ್ಲಿಲ್ಲ."

ಅಣ್ಣ ನಕ್ಕರು. "ಊನ ಏನೈತವ್ವ? ಕುಟುಕ್ತವೆ ಅಷ್ಟೇ."

ನಾನೂ ನಕ್ಕೆ. ಅದೇ ದಿನ ಅವರು ನನಗೆ ನುಸಿ ನೋಡುವುದನ್ನೂ ಹೇಳಿಕೊಟ್ಟರು. ದನಕ್ಕೆ ಉಣ್ಣೆ ಹತ್ತುವ ಹಾಗೆ ಈ ಹಳದಿ ಜೇನಿಗೆ ವರೋವಾ ಎಂಬ ಒಂದು ನುಸಿ ಹತ್ತುತ್ತದೆ. ಕೆಂಪು ಕಂದು ಬಣ್ಣ, ಚಪ್ಪಟೆ, ಸಾಸಿವೆ ಕಾಳಿಗಿಂತ ಚಿಕ್ಕದು. ಜೇನುಹುಳದ ಮೈಗೆ ಕಚ್ಚಿಕೊಂಡು ಹೀರುತ್ತದೆ, ಮರಿಯ ಗೂಡಿಗೆ ನುಗ್ಗಿ ಅಲ್ಲೇ ಸಂಸಾರ ಹೂಡುತ್ತದೆ. ಬಿಟ್ಟರೆ ಇಡೀ ಕುಟುಂಬವನ್ನು ಮುಗಿಸುತ್ತದೆ. ಪರೀಕ್ಷೆ ಮಾಡಲು ಬೇಕಾದದ್ದು ಒಂದು ಬಾಟಲಿ, ಅದರ ಬಾಯಿಗೆ ಮುಚ್ಚಳದ ಬದಲು ಸಣ್ಣ ಕಣ್ಣಿನ ಜಾಲರಿ, ನುಣ್ಣಗೆ ಪುಡಿ ಮಾಡಿದ ಸಕ್ಕರೆ, ಒಂದು ಬಿಳಿ ತಟ್ಟೆ. ಅರ್ಧ ಲೋಟದಷ್ಟು ಹುಳಗಳನ್ನು ಬಾಟಲಿಗೆ ತುಂಬಿ, ಸಕ್ಕರೆ ಪುಡಿ ಹಾಕಿ, ಮೆಲ್ಲಗೆ ಹೊರಳಿಸಿ ಒಂದಿಷ್ಟು ಹೊತ್ತು ನೆರಳಲ್ಲಿಡಬೇಕು. ಪುಡಿ ಬಿದ್ದ ಮೈಮೇಲೆ ನುಸಿಯ ಕಾಲು ನಿಲ್ಲುವುದಿಲ್ಲ. ಆಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ ತಟ್ಟೆಯ ಮೇಲೆ ಅಲ್ಲಾಡಿಸಿದರೆ ಸಕ್ಕರೆಯ ಜೊತೆ ನುಸಿಯೂ ಉದುರುತ್ತದೆ. ನೀರು ಚಿಮುಕಿಸಿದರೆ ಸಕ್ಕರೆ ಕರಗಿ ನುಸಿ ಉಳಿಯುತ್ತದೆ. ಹುಳಗಳಿಗೆ ಏನೂ ಆಗುವುದಿಲ್ಲ. ಮುಖಕ್ಕೆಲ್ಲ ಪೌಡರ್ ಬಳಿದುಕೊಂಡ ಮದುವೆಮನೆ ಹೆಂಗಸರ ಹಾಗೆ ಪೆಟ್ಟಿಗೆಗೆ ವಾಪಸ್ಸು ಹೋಗುತ್ತವೆ, ಉಳಿದವು ಬಂದು ನೆಕ್ಕುತ್ತವೆ.

ಪೆಟ್ಟಿಗೆಗೆ ಎರಡು ಅಂತಸ್ತು. ಕೆಳಗಿನದು ಸಂಸಾರದ ಕೋಣೆ, ಅಲ್ಲಿ ರಾಣಿ, ಮೊಟ್ಟೆ, ಮರಿಗಳು. ಮೇಲಿನದು ಜೇನು ತುಂಬುವ ಕೋಣೆ. ಅಣ್ಣ ಮೇಲಿನ ಕೋಣೆಯಿಂದ, ಮೇಣದ ಎರಿ ಕಟ್ಟಿದ್ದ ಒಂದು ಮರದ ಚೌಕಟ್ಟು ಎತ್ತಿ ಅದರ ಹುಳಗಳನ್ನು ಬಾಟಲಿಗೆ ತುಂಬಿದರು.

"ಯಾವಾಗ್ಲೂ ಮೇಲಿಂದ ತಗೀಬೇಕು ಕಣವ್ವ. ಕೆಳಗೆ ಕೈ ಹಾಕಕ್ಕೆ ಹೋಗ್ಬೇಡ. ನೀನು ಹೊಸಬಳು. ರಾಣಿ ಏನಾದ್ರೂ ಬಾಟ್ಲಿಗೆ ಬಿದ್ದು ಸತ್ಳು ಅಂದ್ರೆ ಆ ಮನೆ ಮುಗ್ದೋಯ್ತು."

ಎಷ್ಟು ಕಾಳಜಿ ಎನ್ನಿಸಿತು ನನಗೆ! ತಟ್ಟೆಯಲ್ಲಿ ಒಂದೇ ಒಂದು ನುಸಿ ಉಳಿದಿತ್ತು. "ಒಂದೆರಡು ಎಲ್ರ ಮನೇಲೂ ಇರ್ತವೆ, ಎದ್ರುಕೋಬೇಡ," ಎಂದು ಹೇಳಿ ಅಣ್ಣ ಕಾಫಿ ಕುಡಿದು ಹೋದರು.

ನಾನು ಅದನ್ನು ಪೂಜೆಯ ಹಾಗೆ ಮಾಡಿದೆ. ಮಿಕ್ಸಿಯಲ್ಲಿ ಸಕ್ಕರೆ ಪುಡಿ ಮಾಡುವುದು, ನಮ್ಮ ಮಂಜಿನ ಥಂಡಿಗೆ ಅದು ಗಂಟು ಕಟ್ಟುತ್ತದೆಂದು ಕಣದಲ್ಲಿ ಕಾಫಿಯ ಪಕ್ಕ ಬಟ್ಟೆ ಹಾಸಿ ಒಣಗಿಸುವುದು, ಇರುವೆಗಳ ಜೊತೆ ಗುದ್ದಾಡುವುದು. ತಲೆಗೆ ಪರದೆ ಕಟ್ಟಿಕೊಂಡು ಹೊರಟರೆ ನನ್ನವರು ಜಗಲಿಯಿಂದ ಕೂಗುತ್ತಿದ್ದರು. "ಏನೇ, ಇವತ್ತೂ ಜೇನಿಗೆ ಹೇನು ನೋಡಕ್ಕೆ ಹೊಂಟ್ಯಾ? ನನ್ ತಲೆ ಒಂದಿನ ನೋಡ್ಲಿಲ್ಲ ನೀನು."

"ನಿಮ್ ತಲೇಲಿ ಇರೋದೇನು ನೋಡಕ್ಕೆ?" ಎನ್ನುತ್ತಿದ್ದೆ ನಾನು.

ಪ್ರತಿ ಸಲ ತಟ್ಟೆ ಹೆಚ್ಚುಕಮ್ಮಿ ಶುಭ್ರ. ಒಂದು, ತಪ್ಪಿದರೆ ಎರಡು. ನಾನು ಆ ತಟ್ಟೆಯ ಫೋಟೋ ತೆಗೆದು ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ. ಅವರು ಕೈಮುಗಿಯುವ ಚಿತ್ರ ಕಳಿಸುತ್ತಿದ್ದರು. ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕಿದರೆ ಸಾಕು, ನನ್ನ ಜೇನಿಗೆ ನುಸಿಯೇ ಇಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದೆ. ನುಸಿ ಎಂದರೆ ಏನೆಂದೇ ಅವರಿಗೆ ಗೊತ್ತಿರಲಿಲ್ಲ, ಆದರೂ ಪಾಪ ತಲೆಯಾಡಿಸುತ್ತಿದ್ದರು.

ಅರೇಬಿಕಾ ಕೊಯ್ಲು ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ನಡುವಿನ ಪೆಟ್ಟಿಗೆಯ ಮುಂದೆ ಹುಲ್ಲಿನಲ್ಲಿ ಹುಳಗಳು ತೆವಳುತ್ತಿದ್ದವು. ಎತ್ತಿ ನೋಡಿದೆ. ಎಳೆಯ ಹುಳಗಳು. ರೆಕ್ಕೆಗಳು ಮುದುರಿಕೊಂಡು ಒಣಗಿದ ಸಿಪ್ಪೆಯ ಹಾಗೆ ಬೆನ್ನಿಗೆ ಅಂಟಿದ್ದವು. ಹಾರಲು ನೋಡುವುದು, ಮಗುಚಿ ಬೀಳುವುದು. ತಕ್ಷಣ ಪರೀಕ್ಷೆ ಮಾಡಿದೆ, ಮೇಲಿನ ಕೋಣೆಯಿಂದಲೇ. ತಟ್ಟೆಯಲ್ಲಿ ಎರಡು ನುಸಿ. ಅಣ್ಣನಿಗೆ ಫೋನ್ ಮಾಡಿದೆ.

"ಚಳಿಗೆ ಹಂಗಾಯ್ತವೆ ಕಣವ್ವ. ನುಸಿ ಇಲ್ಲ ಅಂತ ನೀನೇ ನೋಡಿದೀಯಲ್ಲ. ಪದೇ ಪದೇ ಮುಚ್ಳ ತಗೀಬೇಡ, ಥಂಡಿ ಹೊಡೀತದೆ."

ಕೆಲವೇ ದಿನಗಳಲ್ಲಿ ಆ ಪೆಟ್ಟಿಗೆ ಬರಿದಾಯಿತು. ಮುಚ್ಚಳ ತೆಗೆದರೆ ಎರಿಯ ಮೇಲೆ ಒಂದು ಮುಷ್ಟಿ ಹುಳ, ರಾಣಿ ಇಲ್ಲ, ಗೂಡುಗಳಲ್ಲಿ ಅರ್ಧಕ್ಕೆ ಸತ್ತ ಮರಿಗಳು, ಹುಳಿ ವಾಸನೆ. ಅಣ್ಣನಿಗೆ ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬುಡವ್ವ, ಹೊಸಬ್ರ ಕೈಲಿ ಒಂದೆರಡು ಹೋಗ್ತವೆ. ನಾನೇನಾದ್ರೂ ಕೇಳಿದ್ನಾ?" ಎಂದರು. ಅವರ ಆ ದೊಡ್ಡ ಮನಸ್ಸಿಗೆ ನಾನು ಇನ್ನಷ್ಟು ಕುಗ್ಗಿಹೋದೆ. ಅತಿಯಾಗಿ ಮುಚ್ಚಳ ತೆಗೆದು ಥಂಡಿ ಹೊಡೆಸಿ ಒಂದು ಸಂಸಾರವನ್ನೇ ಕೊಂದೆ ಎಂದುಕೊಂಡು ಊಟ ಸೇರದೆ ಓಡಾಡಿದೆ. ನನ್ನವರು ತಮಾಷೆ ಮಾಡುವುದನ್ನು ನಿಲ್ಲಿಸಿದರು. ಅವರು ತಮಾಷೆ ನಿಲ್ಲಿಸಿದರೆಂದರೆ ನನ್ನ ಮುಖ ಹೇಗಿದ್ದಿರಬೇಕು!

ಉಳಿದ ಎರಡಾದರೂ ಬದುಕಲಿ, ಫೋನಿನ ಮಾತಿನಲ್ಲಿ ಅಲ್ಲ, ಅಣ್ಣನ ಮುಂದೆ ನಿಂತು ಕಲಿತು ಬರೋಣ ಎಂದು ತವರೂರಿಗೆ ಹೊರಟೆ. ಫೋನ್ ಮಾಡಿದರೆ ಅತ್ತಿಗೆ ಅಡುಗೆ ಅಂತ ಒದ್ದಾಡುತ್ತಾರೆಂದು ಹೇಳದೆ ಹೋದೆ. ಆಲೂರಿನಲ್ಲಿ ಬಸ್ಸಿಳಿದು ಆಟೋ ಹತ್ತಿದೆ. ಊರಿನ ತಿರುವಿನಲ್ಲಿ ಆಟೋದವರು ನಿಲ್ಲಿಸಿದರು. "ಅಕ್ಕಾ, ರೋಡ್ ಪಕ್ಕದ್ ತೋಟದಾಗೆ ಆನೆ ಐತಂತೆ, ಫಾರೆಸ್ಟಿನವ್ರ ಮೆಸೇಜ್ ಬಂದೈತೆ. ಕೆರೆ ಏರಿ ಮೇಲೆ ಹೋಗ್ಬುಡಿ, ನಾನು ಇಲ್ಲಿಂದ್ ಮುಂದಕ್ಕೆ ಬರಲ್ಲ." ಹುಟ್ಟಿದೂರಿನ ದಾರಿ ನನಗೇನು ಹೊಸದೇ? ಕೆರೆ ಏರಿ ಹಿಡಿದು, ಗದ್ದೆ ಬದುವಿನಲ್ಲಿ ಬಂದು, ಅಣ್ಣನ ಹಿತ್ತಿಲ ಬೇಲಿಯ ಹತ್ತಿರ ತಲುಪಿದೆ.

ಅಣ್ಣ ಆ ಕಡೆ ಮುಖ ಮಾಡಿ ಪೆಟ್ಟಿಗೆಯ ಹತ್ತಿರ ಬಗ್ಗಿದ್ದರು. ಪಕ್ಕದಲ್ಲಿ ಅದೇ ಬಾಟಲಿ, ಬಿಳಿ ತಟ್ಟೆ. ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮೇಲಿನ ಕೋಣೆಯನ್ನು ಇಡಿಯಾಗಿ ಎತ್ತಿ ಪಕ್ಕದಲ್ಲಿಟ್ಟರು. ಕೆಳಗಿನ ಸಂಸಾರದ ಕೋಣೆಯಿಂದ ಒಂದೊಂದೇ ಚೌಕಟ್ಟು ತೆಗೆದು, ಬಿಸಿಲಿಗೆ ಹಿಡಿದು, ರಾಣಿಯನ್ನು ಹುಡುಕಿದರು. ರಾಣಿ ಇದ್ದ ಚೌಕಟ್ಟನ್ನು ಜೋಪಾನವಾಗಿ ಆ ಕಡೆ ನಿಲ್ಲಿಸಿದರು. ಆಮೇಲೆ ಮರಿ ತುಂಬಿದ ಇನ್ನೊಂದು ಚೌಕಟ್ಟಿನಿಂದ ಹುಳಗಳನ್ನು ಬಾಟಲಿಗೆ ಉದುರಿಸಿ, ಸಕ್ಕರೆ ಹಾಕಿ ಹೊರಳಿಸಿದರು. ಮುಂದಿನ ಪೆಟ್ಟಿಗೆಗೂ ಹಾಗೆಯೇ. ಅದರ ಮುಂದಿನದಕ್ಕೂ ಹಾಗೆಯೇ. ಒಂದರಲ್ಲೂ ಮೇಲಿನ ಕೋಣೆಯ ಹುಳಗಳನ್ನು ಮುಟ್ಟಲಿಲ್ಲ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದನ್ನು ಒಪ್ಪಲು ಇನ್ನೂ ಸ್ವಲ್ಪ. ನುಸಿ ಇರುವುದು ಮರಿಗಳ ಹತ್ತಿರ, ಮರಿ ಸಾಕುವ ಹುಳಗಳ ಮೈಮೇಲೆ. ಅದನ್ನು ಅವರೇ ನನಗೆ ಹೇಳಿದ್ದರು, ಮರಿಯ ಗೂಡಿಗೆ ನುಗ್ಗುತ್ತದೆ ಎಂದು. ಮೇಲಿನ ಕೋಣೆಯಲ್ಲಿ ನೋಡಿದರೆ ಸಿಗುವುದೆಲ್ಲಿ? ಅಡುಗೆಮನೆಗೆ ಇಲಿ ಬಂದಿದೆಯಾ ಎಂದು ಜಗಲಿಯಲ್ಲಿ ಹುಡುಕಿದ ಹಾಗೆ. ಅಷ್ಟು ದಿನ ನಾನು ಅದನ್ನೇ ಮಾಡಿ ಫೋಟೋ ಬೇರೆ ಕಳಿಸಿದ್ದೆ.

ಹಿತ್ತಿಲ ಬಾಗಿಲಿಗೆ ಅತ್ತಿಗೆ ಬಂದರು. ಬೇಲಿಯಾಚೆ ನಿಂತ ನನ್ನನ್ನು ಕಂಡರು. ನನ್ನನ್ನು ಕಂಡರೆ ದೂರದಿಂದಲೇ ಕೂಗುವ ಹೆಂಗಸು ಅವತ್ತು ಕೂಗಲಿಲ್ಲ. ನನ್ನನ್ನು ನೋಡಿ, ಗಂಡನ ಕೈಯಲ್ಲಿದ್ದ ಬಾಟಲಿಯನ್ನು ನೋಡಿ, ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಅವರಿಗೂ ಗೊತ್ತಿತ್ತು. ನಾನು ಬಂದ ದಾರಿಯಲ್ಲೇ ತಿರುಗಿದೆ. ಬೇಲಿ ಹಾರಿ ಕೇಳಬೇಕಿತ್ತು, ಕೊರಳಪಟ್ಟಿ ಹಿಡಿದು ಕೇಳಬೇಕಿತ್ತು. ಬಾಯಿ ಜೋರು ಎಂದು ಎರಡೂ ಊರಲ್ಲಿ ಹೆಸರು ಮಾಡಿದವಳು ನಾನು. ಅವತ್ತು ಸೆರಗು ಹೊದ್ದುಕೊಂಡು ಗದ್ದೆ ಬದುವಿಗೆ ಇಳಿದೆ. ಕೆರೆ ಏರಿಯ ಮೇಲೆ ಎದುರಿಗೆ ಆನೆಯೇ ಬಂದಿದ್ದರೂ ನೋಡುತ್ತಿದ್ದೆನೋ ಇಲ್ಲವೋ.

ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಬಾಟಲಿ ತೆಗೆದುಕೊಂಡೆ. ಮೇಲಿನ ಕೋಣೆ ಎತ್ತಿಟ್ಟು ಸಂಸಾರದ ಕೋಣೆಗೆ ಕೈ ಹಾಕಿದೆ. ರಾಣಿಯನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ಉದ್ದನೆಯ ಹೊಟ್ಟೆ ಎಳೆದುಕೊಂಡು, ಯಾರ ಗೊಡವೆಯೂ ಇಲ್ಲದೆ ಎರಿಯ ಮೇಲೆ ನಡೆಯುತ್ತಿದ್ದಳು. ಅವಳ ಚೌಕಟ್ಟನ್ನು ಪಕ್ಕಕ್ಕಿಟ್ಟು ಇನ್ನೊಂದರಿಂದ ಹುಳ ತೆಗೆದೆ. ಸಕ್ಕರೆ ಹಾಕಿದೆ, ಕಾದೆ, ತಟ್ಟೆಗೆ ಉದುರಿಸಿ ನೀರು ಚಿಮುಕಿಸಿದೆ. ರವೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ತಟ್ಟೆಯ ತುಂಬ ಕೆಂಪು ಚುಕ್ಕೆಗಳು. ಎಣಿಸಲು ಹೋದವಳು ನಡುವೆ ಬಿಟ್ಟುಬಿಟ್ಟೆ. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ಇನ್ನೊಂದು ಪೆಟ್ಟಿಗೆಯದೂ ಅದೇ ಕಥೆ.

ನನ್ನವರು ಪಕ್ಕದಲ್ಲಿ ಬಂದು ಕೂತರು. ಎಲ್ಲ ಹೇಳಿದೆ. "ಹೋಗಿ ಕೇಳೋಣ ನಡಿ," ಎಂದರು.

"ಏನಂತ ಕೇಳ್ಲಿ? ನನ್ಗೇ ಯಾಕೆ ಮೋಸ ಮಾಡಿದ್ರಿ ಅಂತಾನಾ?" ಎಂದೆ. ಅದನ್ನು ಬಾಯಲ್ಲಿ ಆಡಿದ ಮೇಲೆ ಅಳು ಬಂತು. ಜೇನು ಸತ್ತದ್ದಕ್ಕೆ ಅತ್ತಾಗ ಪಶ್ಚಾತ್ತಾಪವಿತ್ತು. ಇದರಲ್ಲಿ ಬರೀ ಅವಮಾನ. ಅಪ್ಪ ಇನ್ನೊಂದು ಸಲ ಸತ್ತ ಹಾಗಾಯಿತು.

ಪೇಟೆಯಲ್ಲಿ ಗೊತ್ತಿದ್ದವರನ್ನು ವಿಚಾರಿಸಿ ಔಷಧ ತಂದೆವು. ಹತ್ತಿಗೆ ಹಾಕಿ ಪೆಟ್ಟಿಗೆಯೊಳಗೆ ಇಡುವ ಘಾಟು ದ್ರಾವಣ, ಕೆಂಪು ಚಗಳಿ ಇರುವೆಯನ್ನು ಹೊಸಕಿದಾಗ ಬರುವಂಥದೇ ವಾಸನೆ, ಹತ್ತಿರ ಹೋದರೆ ಕಣ್ಣಲ್ಲಿ ನೀರು. ಒಂದು ಪೆಟ್ಟಿಗೆಗೆ ಅದು ತಡವಾಯಿತು. ರೋಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಅದೂ ಬರಿದಾಯಿತು. ಕೊನೆಯದು ಮಾತ್ರ ಹಟ ಹಿಡಿದು ಉಳಿಯಿತು. ತಟ್ಟೆಯ ಚುಕ್ಕೆಗಳು ವಾರ ವಾರಕ್ಕೂ ಕಮ್ಮಿಯಾದವು. ಎರಡನೆಯದೂ ಹೋಯಿತು ಎಂದು ಅಣ್ಣನಿಗೆ ಒಂದು ಸಾಲು ಬರೆದೆ, ಫೋಟೋ ಮಾತ್ರ ಈಗ ಕಳಿಸುತ್ತಿರಲಿಲ್ಲ. ಅವರೂ ಯಾಕೆ ಎಂದು ಕೇಳಲಿಲ್ಲ. ಅತ್ತಿಗೆ ಬೇಲಿಯ ವಿಷಯ ಹೇಳಿದ್ದರೋ ಇಲ್ಲವೋ ನನಗೆ ತಿಳಿಯದು.

ಹೂಮಳೆ ಬಂತು. ಮೊಗ್ಗು ಕಟ್ಟಿ ನಿಂತಿದ್ದ ತೋಟಕ್ಕೆ ಒಂದು ಒಳ್ಳೆಯ ಮಳೆ ಬಿದ್ದರೆ ವಾರದೊಳಗೆ ಎಲ್ಲೆಲ್ಲೂ ಬಿಳುಪು, ಮಲ್ಲಿಗೆಯಂಥ ವಾಸನೆ. ಮಳೆ ಬಿದ್ದು ಎರಡು ಮೂರು ದಿನಕ್ಕೇ ಅಣ್ಣನ ಪಿಕಪ್ಪು ನಮ್ಮ ಕಣದಲ್ಲಿ ನಿಂತಿತು. ಆಗಲೇ ಅದರೊಳಗೆ ಬಾಯಿ ಮುಚ್ಚಿದ ಪೆಟ್ಟಿಗೆಗಳ ಸಾಲು. ಮಾರನಹಳ್ಳಿ ಕಡೆಯ ಒಂದು ಎಸ್ಟೇಟಿಗೆ ಒಪ್ಪಿಕೊಂಡಿದ್ದರಂತೆ, ಒಂದು ಪೆಟ್ಟಿಗೆ ಕಮ್ಮಿ ಬಿದ್ದಿತ್ತಂತೆ.

"ಉಳಿದಿರೋದೊಂದು ಕೊಡವ್ವ. ಹೂವು ಮುಗಿದ್ಮೇಲೆ ತಂದು ಬಿಡ್ತೀನಿ," ಎಂದರು. ಧ್ವನಿ ಎಂದಿನ ಹಾಗೇ ಇತ್ತು. ಅದೇ ಪ್ರೀತಿ. ಅದು ಸುಳ್ಳು ಪ್ರೀತಿ ಎಂದು ಹೇಳಲು ನನಗೆ ಈಗಲೂ ಆಗುವುದಿಲ್ಲ. ಅದೇ ಕಷ್ಟ.

"ತಗಂಡ್ಹೋಗಿ ಅಣ್ಣ. ನಿಮ್ಮ ಪೆಟ್ಟಿಗೆ," ಎಂದು ನಾನು ಒಳಗಿನಿಂದ ಬಾಟಲಿ, ಸಕ್ಕರೆ, ತಟ್ಟೆ ತಂದೆ. ಅವರ ಎದುರಿಗೇ ಮೇಲಿನ ಕೋಣೆ ಎತ್ತಿ ಪಕ್ಕಕ್ಕಿಟ್ಟೆ. ರಾಣಿಯನ್ನು ಹುಡುಕಿ ಅವಳ ಚೌಕಟ್ಟನ್ನು ಆ ಕಡೆ ನಿಲ್ಲಿಸಿದೆ. ಮರಿಯ ಚೌಕಟ್ಟಿನಿಂದ ಹುಳ ತೆಗೆದು ಬಾಟಲಿಗೆ ತುಂಬಿದೆ. ಸಕ್ಕರೆ ಹಾಕಿ ಹೊರಳಿಸಿ ನೆರಳಲ್ಲಿಟ್ಟೆ. ನನ್ನವರು ಜಗಲಿಯ ಕಂಬ ಹಿಡಿದು ನಿಂತಿದ್ದರು.

ತಟ್ಟೆಯನ್ನು ಅಣ್ಣನ ಮುಂದೆ ಹಿಡಿದೆ. ಐದಾರು ಚುಕ್ಕೆ. "ಊನ ಹೇಳಿ ಕೊಡ್ತೀನಿ ಕೇಳಿ," ಎಂದೆ. "ಇದಕ್ಕೆ ನುಸಿ ಐತೆ. ಮೊದ್ಲು ತಟ್ಟೆ ತುಂಬ ಇತ್ತು, ಔಷಧಿ ಹಾಕಿದ್ಮೇಲೆ ಇಷ್ಟಕ್ಕೆ ಬಂದೈತೆ. ಪೂರ್ತಿ ಹೋಗಿಲ್ಲ. ನಿಮ್ಮ ಬ್ಯಾರೆ ಪೆಟ್ಟಿಗೆ ಪಕ್ಕ ಇಟ್ರೆ ಅವಕ್ಕೂ ಹತ್ತಬೋದು. ರಾಣಿಗೆ ವಯಸ್ಸಾಗೈತೆ, ಮೊಟ್ಟೆ ಅಲ್ಲೊಂದು ಇಲ್ಲೊಂದು ಇಡ್ತಾಳೆ. ಮಧ್ಯಾಹ್ನದ ಮೇಲೆ ಮುಚ್ಳ ತಗುದ್ರೆ ಸಿಟ್ಟು ಮಾಡ್ತವೆ. ಇದರ ಜತೆಗಿದ್ದ ಎರಡು ಇದೇ ಕಾಯಿಲೇಲಿ ಸತ್ವು, ಥಂಡಿಗಲ್ಲ."

ಕೊನೆಯ ಮಾತಿಗೆ ನನ್ನ ಧ್ವನಿ ಒಡೆಯಿತು. ಒಡೆಯಬಾರದಿತ್ತು.

ಅಣ್ಣ ತಟ್ಟೆಯನ್ನೇ ನೋಡುತ್ತಿದ್ದರು. "ಕೆಳಗಿನ ಕೋಣೇಲಿ ತಗಿಯೋದು ಯಾರವ್ವ ಹೇಳ್ಕೊಟ್ರು ನಿಂಗೆ?"

"ನಿಮ್ಮ ಹಿತ್ತಿಲ ಬೇಲಿ ಹತ್ರ ನಿಂತ್ಕೊಂಡು ಕಲ್ತೆ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅದನ್ನು ಹೆಗಲಿಗೆ ಹಾಕಿಕೊಂಡು ಹೇಳಿದರು. "ಈ ಮೂರಕ್ಕೆ ಜೋರಾಗಿ ಹತ್ತಿತ್ತು ಕಣವ್ವ. ಎಲ್ಲಾ ಒಂದೇ ಕಡೆ ಇದ್ದಿದ್ರೆ ನಂದು ಅಷ್ಟೂ ಹೋಗವು. ಸುಡಕ್ಕೆ ಮನಸ್ಸು ಬರ್ಲಿಲ್ಲ. ದೂರ ಎಲ್ಲಾದ್ರೂ ಇಡ್ಬೇಕಾಗಿತ್ತು. ಬ್ಯಾರೇರ ಮನೇಲಿ ಇಟ್ರೆ ನಾಳೆ ಜಗಳಕ್ಕೆ ಬರ್ತಾರೆ. ನೀನಾದ್ರೆ ತಂಗಿ, ಬೇಜಾರು ಮಾಡ್ಕಳಕ್ಕಿಲ್ಲ ಅಂತ..."

ನಾನು ಬಾಟಲಿಯ ಹುಳಗಳನ್ನು ವಾಪಸ್ಸು ಪೆಟ್ಟಿಗೆಗೆ ಸುರಿದೆ. ಚೌಕಟ್ಟುಗಳನ್ನು ಸರಿಯಾಗಿ ಕೂರಿಸಿ, ಮೇಲಿನ ಕೋಣೆ ಇಟ್ಟು, ಮುಚ್ಚಳ ಹಾಕಿದೆ. ಹೊರಗೆ ಹೋಗಿದ್ದ ಹುಳಗಳೆಲ್ಲ ಸಂಜೆಗೆ ಬಂದು ಸೇರುವ ತನಕ ಅವರು ಕಣದ ಕಟ್ಟೆಯ ಮೇಲೆ ಕೂತಿದ್ದರು. ಕಾಫಿ ಕೊಟ್ಟೆ, ಕುಡಿದರು. ಕತ್ತಲಾಗುವ ಮುಂಚೆ ಪೆಟ್ಟಿಗೆಯ ಬಾಯಿ ಮುಚ್ಚಿ, ನಾನು ಒಂದು ಕಡೆ ಅವರು ಒಂದು ಕಡೆ ಹಿಡಿದು ಪಿಕಪ್ಪಿಗೆ ಏರಿಸಿದೆವು. ಅದನ್ನು ಉಳಿದವುಗಳಿಂದ ದೂರ, ಹಿಂದಿನ ಮೂಲೆಯಲ್ಲಿ ಇಟ್ಟರು. ಸೀಟಿನಲ್ಲಿ ಕೂತವರು ಗಾಡಿ ಶುರು ಮಾಡದೆ ನನ್ನ ಕಡೆ ನೋಡಿದರು. "ಗೌರಿಹಬ್ಬಕ್ಕೆ ಬತ್ತೀನವ್ವ," ಎಂದರು.

"ಬಾಗಿನ ತರಬೇಡಿ," ಎಂದೆ.